ಕೆಳಗಿನ ನೀರಿನ ಮೀನು

ಸೈರನ್ ಕೂಗಲು ಇನ್ನೂ ಅರ್ಧ ಗಂಟೆ ಇತ್ತು. ಟ್ವೈಲಾ ತೂಕದ ಶೆಡ್ಡಿನಲ್ಲಿ ಕಪ್ಪುಹಲಗೆ ಒರೆಸುತ್ತಿದ್ದಾಗ ಮೀನುಮರಿ ಕೇಂದ್ರದ ಮೇಲಧಿಕಾರಿ ಕೆಕ್ ಕೈಗವಸು ಕಳಚುತ್ತ ಒಳಗೆ ಬಂದು, ಇವತ್ತು ತಕ್ಕಡಿಯ ಹತ್ತಿರ ತಾನೇ ನಿಲ್ಲುತ್ತೇನೆ ಎಂದ. ಬರುವ ಒಂದೊಂದು ದೊಡ್ಡ ಮೀನನ್ನೂ ಮಗುಚಿ ನೋಡಬೇಕು, ಹಿಡಿದವರು ಎಲ್ಲಿ ನಿಂತಿದ್ದರೆಂದು ಕೇಳಬೇಕು, ಎರಡನ್ನೂ ಹಲಗೆಯ ಮೇಲೆ ಬರೆಯಬೇಕು. ಮೇಲಿನ ಕಚೇರಿಯವರು ನಿನ್ನೆ ಫೋನು ಮಾಡಿದ್ದರಂತೆ.

"ಅಂಗಡಿ ಹುಡುಗಿ ಬರೀ ತಕ್ಕಡಿ ಮುಳ್ಳು ನೋಡ್ತಾಳೆ. ನಮಗೆ ಬೇಕಾಗಿರೋದು ರೆಕ್ಕೆ" ಎಂದ.

ಟ್ವೈಲಾಳ ಕೈಯಲ್ಲಿದ್ದ ಒದ್ದೆ ಬಟ್ಟೆ ಹಲಗೆಯ ನಡುವೆಯೇ ನಿಂತಿತು. ಆಗಲಿ ಸರ್ ಎಂದಳು. ಒರೆಸಿದ ಜಾಗವನ್ನೇ ಮತ್ತೊಮ್ಮೆ ಒರೆಸಿದಳು.

ಮಂಗಳವಾರ ಅವರಿಬ್ಬರೂ ಮೀನುಮರಿ ಕೇಂದ್ರದ ಸಿಮೆಂಟು ತೊಟ್ಟಿಯ ಬದಿಯಲ್ಲಿ ಮಂಡಿಯೂರಿ ಕೂತು ಮುದಿ ಟ್ರೌಟುಗಳನ್ನು ಬೇರ್ಪಡಿಸಿದ್ದರು. ಮೊಟ್ಟೆಗೆಂದು ವರ್ಷಗಟ್ಟಲೆ ಸಾಕಿದ್ದ ಇಪ್ಪತ್ತು ಮೀನುಗಳು. ಮಾರ್ಚ್ ಒಂದಕ್ಕೆ ಋತು ತೆರೆಯುವ ದಿನ, ಬಂದ ಜನಕ್ಕೆ ಹಬ್ಬದೂಟದ ಹಾಗೆ ಇರಲೆಂದು ಅವನ್ನು ಪಾರ್ಕಿನ ಹೊಳೆಗೆ ಬಿಡುವುದು ವಾಡಿಕೆ. ಎಂಟು ಮೇಲಿನ ನೀರಿಗೆ, ಅಂದರೆ ಬುಗ್ಗೆಯಿಂದ ಕಲ್ಲಿನ ಒಡ್ಡಿನವರೆಗೆ. ಅಲ್ಲಿ ಪುಕ್ಕ ಕಟ್ಟಿದ ಹುಸಿನೊಣ ಬಿಟ್ಟು ಬೇರೇನನ್ನೂ ಗಾಳಕ್ಕೆ ಹಾಕುವ ಹಾಗಿಲ್ಲ. ಉಳಿದ ಹನ್ನೆರಡು ಒಡ್ಡಿನಿಂದ ಕೆಳಗಿನ ನೀರಿಗೆ. ಅಲ್ಲಿ ಎರೆಹುಳುವೂ ನಡೆಯುತ್ತದೆ. ಮಕ್ಕಳು ಮರಿ ಕಟ್ಟಿಕೊಂಡು ಬಂದವರೆಲ್ಲ ಅಲ್ಲೇ. ಈ ವರ್ಷ ಆ ಹನ್ನೆರಡಕ್ಕೆ ಎಡಗಡೆಯ ಹೊಟ್ಟೆರೆಕ್ಕೆಯನ್ನು ಕತ್ತರಿಸಿ ಗುರುತು ಮಾಡಿದ್ದರು. ಟ್ವೈಲಾ ಹಿಡಿದುಕೊಂಡಿದ್ದಳು, ಕೆಕ್ ಕತ್ತರಿಸಿದ್ದ. ಒಡ್ಡು ಆಳೆತ್ತರದ್ದು. ಮೀನು ಅದನ್ನು ಇಳಿದು ಹೋಗಬಹುದು, ಹತ್ತಿ ಬರಲಾರದು. ರೆಕ್ಕೆ ಕತ್ತರಿಸಿದ ಮೀನೇನಾದರೂ ಮೇಲಿನ ನೀರಿನಲ್ಲಿ ಸಿಕ್ಕಿತೆಂದರೆ ಅದನ್ನು ಯಾರೋ ಹೊತ್ತುಕೊಂಡು ಹೋಗಿ ಬಿಟ್ಟಿರಬೇಕು, ಅಷ್ಟೆ.

ಹೊತ್ತುಕೊಂಡು ಹೋಗಿ ಬಿಟ್ಟವಳು ಟ್ವೈಲಾ.

ಮಂಗಳವಾರ ರಾತ್ರಿ ಊಟಕ್ಕೆ ಕೂತಾಗ ಅವಳೇ ಅಪ್ಪನಿಗೆ ಹೇಳಿದ್ದಳು. ಬೆಳಿಗ್ಗೆಯಿಂದ ಐಸಿನಂಥ ನೀರಿನಲ್ಲಿ ಮೀನು ಹಿಡಿದು ಹಿಡಿದು ಬೆರಳು ಮಡಚಲು ಬರುತ್ತಿಲ್ಲ, ಹನ್ನೆರಡಕ್ಕೆ ರೆಕ್ಕೆ ಕತ್ತರಿಸಿದೆವು, ಅದರಲ್ಲೊಂದು ಗಂಡು, ಕೆಳದವಡೆ ಕೊಕ್ಕೆಯ ಹಾಗೆ ಮೇಲಕ್ಕೆ ಬಾಗಿದೆ, ಹದಿನಾಲ್ಕು ಪೌಂಡಿಗೆ ಕಡಿಮೆಯಿಲ್ಲ ಎಂದು. ಅಪ್ಪ ಕಾಳಿನ ಸಾರಿನಲ್ಲಿ ಮೆಕ್ಕೆಜೋಳದ ಬ್ರೆಡ್ಡು ಮುರಿದು ಹಾಕಿಕೊಳ್ಳುತ್ತಿದ್ದವನು, ಅದು ಯಾವ ನೀರಿಗೆ ಎಂದು ಕೇಳಿದ. ಕೆಳಗಿನ ನೀರಿಗೆ ಎಂದಳು. ಅವನು ತಲೆದೂಗಿ, "ಯಾರೋ ಎರೆಹುಳದೋನ ಪುಣ್ಯ" ಎಂದು ಚಮಚ ಹುಡುಕಿದ. ಚಮಚ ತಟ್ಟೆಯ ಪಕ್ಕದಲ್ಲೇ ಇತ್ತು. ಅವನ ಕೈ ಮೇಜಿನ ಮೇಲೆ ಎರಡು ಸಲ ಅದರ ಆಚೆ ಈಚೆ ಹೋಗಿ ಬಂದು ಮೂರನೆಯ ಸಲಕ್ಕೆ ಮುಟ್ಟಿತು.

ಕಣ್ಣಿನ ವಿಷಯ ಅವಳೊಬ್ಬಳಿಗೇ ಗೊತ್ತು. ಆಸ್ಪತ್ರೆಗೆ ಗಾಡಿ ಓಡಿಸಿಕೊಂಡು ಹೋದವಳು ಅವಳು. ನೋಟದ ನಟ್ಟನಡುವೆಯೇ ಮಸುಕು ಕೂತಿದೆ, ಅದು ಹರಡುತ್ತಲೇ ಹೋಗುತ್ತದೆ, ಬರುವ ವಸಂತದ ಹೊತ್ತಿಗೆ ಗಾಳದ ದಾರ ಕಾಣುವುದು ಕಷ್ಟ ಎಂದು ಡಾಕ್ಟರಮ್ಮ ಹೇಳಿದ್ದಳು. ವಾಪಸು ಬರುವಾಗ ಅಪ್ಪ, ಇದನ್ನು ಯಾರ ಹತ್ತಿರವಾದರೂ ಹೇಳಿದರೆ ನಿನ್ನ ಗಾಡಿ ಹತ್ತುವುದಿಲ್ಲ ಎಂದಿದ್ದ. ಅಪ್ಪ ಹೋಬಾರ್ಟ್ ಸ್ಟ್ರೌಡ್ ಎಂದರೆ ಜನಕ್ಕೆ ನೆನಪಾಗುವುದು ಹಾರ್ಲೋ ಬುಗ್ಗೆಯ ಮೇಲಿನ ನೀರಿನ ಚಪ್ಪಟೆ ಕಲ್ಲು. ಮೂವತ್ತೆಂಟು ಮಾರ್ಚ್ ಒಂದನೇ ತಾರೀಖು ಅವನು ಆ ಕಲ್ಲಿನ ಮೇಲೆ ನಿಂತಿದ್ದಾನೆ. ಕಲ್ಲು ಯಾರಪ್ಪನ ಮನೆಯದೂ ಅಲ್ಲ, ಪಾರ್ಕಿನದು. ಆದರೂ ಗೊತ್ತಿಲ್ಲದೆ ಯಾರಾದರೂ ಹತ್ತಿದರೆ ಅಕ್ಕಪಕ್ಕದವರೇ ಮೆತ್ತಗೆ ಹೇಳಿ ಇಳಿಸುತ್ತಾರೆ. ಒಂದು ವರ್ಷ ಬರದಿದ್ದರೆ ಕಲ್ಲು ಹೋದ ಹಾಗೆ. ಅಂಗಡಿಯ ಗೋಡೆಯ ಮೇಲೆ, ಹತ್ತು ಪೌಂಡಿಗೆ ಮೇಲ್ಪಟ್ಟ ಮೀನು ಹಿಡಿದವರ ಫೋಟೋಗಳಿವೆ. ಅದರಲ್ಲಿ ಬಂದು ಹೋಗುವ ಪರವೂರಿನವರಿದ್ದಾರೆ, ಹೊಳೆಯನ್ನು ಮೊದಲ ಸಲ ನೋಡಿದವರಿದ್ದಾರೆ, ಒಬ್ಬ ಪಾದ್ರಿಯಿದ್ದಾನೆ. ಹೋಬಾರ್ಟ್ ಇಲ್ಲ.

ನಿನ್ನೆ ಸಂಜೆ ಮೀನು ತುಂಬುವಾಗ ತೊಟ್ಟಿಯ ಹತ್ತಿರ ಅವಳೊಬ್ಬಳೇ ಇದ್ದಳು. ಕೆಳಗಿನ ನೀರಿನ ಲಾರಿ ಕೆಕ್‌ನದು, ಮೇಲಿನದು ಅವಳದು. ಕೊಕ್ಕೆ ದವಡೆಯ ಗಂಡು ಬಲೆಗೆ ಬಂದಾಗ ಅವಳ ಕೈ ಎಡಕ್ಕೆ, ಕೆಕ್‌ನ ಲಾರಿಯತ್ತ ತಿರುಗುವ ಬದಲು ಬಲಕ್ಕೆ, ತನ್ನ ಲಾರಿಯತ್ತ ತಿರುಗಿತು. ಸೂರ್ಯ ಮುಳುಗುವ ಹೊತ್ತಿಗೆ ಅದು ಚಪ್ಪಟೆ ಕಲ್ಲಿನ ಕೆಳಗಿನ ಮಡುವಿನಲ್ಲಿತ್ತು. ಕೆಕ್‌ನ ಲಾರಿಯಿಂದ ಮೀನುಗಳು ಕೊಳವೆಯಲ್ಲಿ ಸರ್ರನೆ ಜಾರಿ ಬೀಳುತ್ತವೆ. ಮಬ್ಬಿನಲ್ಲಿ ಹನ್ನೊಂದೋ ಹನ್ನೆರಡೋ ಯಾರು ಎಣಿಸುತ್ತಾರೆ. ತಪ್ಪು ಮಾಡುವವರು ಸಾಮಾನ್ಯವಾಗಿ ಅದನ್ನು ಮುಚ್ಚುವುದು ಹೇಗೆಂದು ಯೋಚಿಸುತ್ತಾರೆ. ಟ್ವೈಲಾ ಅದನ್ನೂ ಯೋಚಿಸಿರಲಿಲ್ಲ. ತಕ್ಕಡಿಯ ಹತ್ತಿರ ಅಂಗಡಿ ಹುಡುಗಿ ಇರುತ್ತಾಳೆ, ಅವಳು ಮೀನಿನ ಹೊಟ್ಟೆ ನೋಡುವವಳಲ್ಲ ಎಂದಷ್ಟೇ ಅಂದುಕೊಂಡು ಮನೆಗೆ ಹೋಗಿ, ಗೋಡೆಯ ಮೇಲೆ ಪಾದ್ರಿಯ ಪಕ್ಕದಲ್ಲಿ ಅಪ್ಪನ ಫೋಟೋ ಇರುವುದನ್ನು ನೆನೆದುಕೊಂಡು ಮಲಗಿದ್ದಳು.

ಈಗ ತಕ್ಕಡಿಯ ಹತ್ತಿರ ಕೆಕ್ ಸ್ಟೂಲು ಎಳೆದುಕೊಂಡು ಕೂತಿದ್ದ.

ಅವಳು ಹನ್ನೊಂದು ವರ್ಷ ಆ ಕೇಂದ್ರದಲ್ಲಿ ಋತುವಿನ ಆಳಾಗಿ ದುಡಿದು ಹೋದ ಶರತ್ಕಾಲದಲ್ಲಷ್ಟೇ ಕಾಯಂ ಆಗಿದ್ದಳು. ಸಿಕ್ಕಿಬಿದ್ದರೆ ಆ ಕೆಲಸ ಹೋಗುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಮಗಳು ಮೀನುಮರಿ ಕೇಂದ್ರದಲ್ಲಿರುವುದರಿಂದ ಅಪ್ಪನ ಕಲ್ಲಿನ ಕೆಳಗೆ ಮೀನು ಬಿಟ್ಟಳು ಎಂದರೆ ಈ ಒಂದು ಮೀನಿನ ಮಾತಾಗಿ ಮುಗಿಯುವುದಿಲ್ಲ. ಮೂವತ್ತೆಂಟು ವರ್ಷ ಹಿಡಿದ ಪ್ರತಿಯೊಂದು ಮೀನಿಗೂ ಜನ ಆ ಮಸಿ ಬಳಿಯುತ್ತಾರೆ. ಕಾಫಿ ಕೊಟ್ಟು ಬರುತ್ತೇನೆಂದು ಕೆಕ್‌ಗೆ ಹೇಳಿ ಅವಳು ಹೊಳೆಯ ದಾರಿ ಹಿಡಿದಳು.

ದಂಡೆಯುದ್ದಕ್ಕೂ ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಟೋಪಿಗೆ ಸಿಕ್ಕಿಸಿದ ದಿನದ ಪರವಾನಗಿ ಚೀಟಿಗಳು ಮಬ್ಬಿನಲ್ಲಿ ಬೆಳ್ಳಗೆ ಕಾಣುತ್ತಿದ್ದವು. ಯಾರೂ ನೀರಿಗೆ ದಾರ ಬಿಟ್ಟಿರಲಿಲ್ಲ, ಸೈರನ್‌ಗೆ ಮುಂಚೆ ಬಿಡುವಂತಿಲ್ಲ. ಆದರೆ ಯಾರ ಕೈಯೂ ಸುಮ್ಮನಿರಲಿಲ್ಲ. ಒಬ್ಬ ರೀಲನ್ನು ಕಿರ್ರೆನಿಸಿ ನಿಲ್ಲಿಸುತ್ತಿದ್ದ, ಒಬ್ಬ ಗಡಿಯಾರವನ್ನು ಕಿವಿಗೆ ಹಿಡಿಯುತ್ತಿದ್ದ, ಇನ್ನೊಬ್ಬ ಬೂಟಿನ ತುದಿಯಿಂದ ಒಂದೇ ಕಲ್ಲನ್ನು ಮತ್ತೆ ಮತ್ತೆ ಒದೆಯುತ್ತಿದ್ದ. ನೀರಿನ ಮೇಲೆ ಹಬೆ ಏಳುತ್ತಿತ್ತು. ಟ್ವೈಲಾ ಯಾರ ಗಾಳಕ್ಕೂ ಸಿಗದ ಹಾಗೆ ಬಗ್ಗಿ ಬಗ್ಗಿ ನಡೆದಳು.

ಅಪ್ಪ ಚಪ್ಪಟೆ ಕಲ್ಲಿನ ಮೇಲೆ ಕೂತು ದಾರಕ್ಕೆ ನೊಣ ಕಟ್ಟುತ್ತಿದ್ದ. ತೊಡೆಯ ಮೇಲೆ ಪುಟ್ಟ ಟಾರ್ಚು ಉರಿಯುತ್ತಿತ್ತು. ಗಾಳದ ಕಣ್ಣನ್ನು ಮೂಗಿನ ಹತ್ತಿರ ತಂದು, ಮುಖವನ್ನು ಓರೆ ಮಾಡಿ, ನೋಟದ ಅಂಚಿನಿಂದ ಅದನ್ನು ಹಿಡಿಯಲು ನೋಡುತ್ತಿದ್ದ. ದಾರದ ತುದಿ ಗಾಳದ ಕಣ್ಣಿನ ಪಕ್ಕಕ್ಕೆ ತಾಗಿ ಬಾಗುತ್ತಿತ್ತು. ಮೂರು ಮಾರು ಆಚೆ ಎಸ್ಟೆಲ್ ಫ್ಯಾಂಚರ್ ನಿಂತಿದ್ದ. ಅಪ್ಪನ ವಯಸ್ಸಿನವನು, ಮೂವತ್ತು ವರ್ಷದಿಂದ ಪಕ್ಕದ ಜಾಗ ಅವನದು, ಬಾಯಿಗೆ ಬೀಗವಿಲ್ಲ.

"ನಿಮ್ಮಪ್ಪನಿಗೆ ಹೇಳು ಮಗು, ಮದುವೆ ಹೆಣ್ಣಿಗೆ ಜಡೆ ಹಾಕ್ತಿಲ್ಲ ಅವ್ನು. ಬೇಗ ಕಟ್ಟು ಅನ್ನು" ಎಂದ ಎಸ್ಟೆಲ್.

"ನಿನ್ ಹಾಗೆ ಗಂಟು ಹಾಕಿದ್ರೆ ಮೀನು ನೊಣ ತಗೊಂಡು ಮನೆಗೆ ಹೋಗುತ್ತೆ" ಎಂದ ಅಪ್ಪ, ತಲೆಯೆತ್ತದೆ.

ಟ್ವೈಲಾ ಕಾಫಿಯನ್ನು ಕಲ್ಲಿನ ಮೇಲಿಟ್ಟು, ನಾನು ಕಟ್ಟಿಕೊಡಲೇ ಎಂದು ಕೈ ಚಾಚಿದಳು. ಅಪ್ಪ ದಾರವನ್ನು ಎದೆಗೆ ಎಳೆದುಕೊಂಡ. ಚಿಕ್ಕ ಮಕ್ಕಳು ಆಟದ ಸಾಮಾನನ್ನು ಎಳೆದುಕೊಳ್ಳುತ್ತಾರಲ್ಲ, ಹಾಗೆ. ಅವಳು ಕೈ ಜೇಬಿಗೆ ಹಾಕಿಕೊಂಡಳು. ಆಮೇಲೆ, ಇವತ್ತು ಮೇಲಿನ ತಿರುವಿಗೆ ಹೋಗಬಾರದೇ, ಅಲ್ಲಿ ಮೀನು ಚೆನ್ನಾಗಿ ಬಿಟ್ಟಿದ್ದೇವೆ ಎಂದಳು. ಹೇಳುವಾಗಲೇ ಮಾತು ತನ್ನ ಕಿವಿಗೇ ಪೊಳ್ಳಾಗಿ ಕೇಳಿಸಿತು.

ಅಪ್ಪ ಈಗ ತಲೆಯೆತ್ತಿದ. "ಎಲ್ಲಿ ಬಿಟ್ಟಿದೀರಿ ಅಂತ ಹೇಳೋದು ಯಾವಾಗಿಂದ ಶುರು ಮಾಡ್ದೆ?"

"ಸುಮ್ನೆ ಹೇಳ್ದೆ."

"ಸುಮ್ನೆ ಹೇಳ್ಬೇಡ. ಕೆಲಸದೋರು ಕೇಳಿಸ್ಕೊಂಡಾರು."

ಎಸ್ಟೆಲ್ ನಗುತ್ತ, ಹೋಬಾರ್ಟ್ ಕಲ್ಲು ಬಿಟ್ಟರೆ ಆ ಕ್ಷಣವೇ ತಾನು ಹತ್ತಿಬಿಡುವುದಾಗಿಯೂ, ಹೇಗೂ ಮೂವತ್ತೆಂಟು ವರ್ಷದಲ್ಲಿ ಆ ಕಲ್ಲಿನಿಂದ ದೊಡ್ಡದು ಒಂದೇ ಒಂದು ಸಿಕ್ಕಿದ್ದು, ಅದನ್ನೂ ಪುಣ್ಯಾತ್ಮ ನೀರಿಗೆ ಬಿಟ್ಟನೆಂದೂ ಶುರುಮಾಡಿದ. ಪ್ರತಿ ವರ್ಷ ಸೈರನ್‌ಗೆ ಮುಂಚೆ ಅವನು ಹೇಳುವ ಕಥೆ ಇದು. ಹನ್ನೆರಡು ವರ್ಷದ ಹಿಂದೆ ಹೋಬಾರ್ಟ್ ಹನ್ನೊಂದು ಪೌಂಡಿನ ಹೆಣ್ಣುಮೀನೊಂದನ್ನು ಬಲೆಗೆ ತಂದಿದ್ದ. ನೋಡಿದರೆ ಗಾಳ ಬಾಯಿಯಲ್ಲಿರಲಿಲ್ಲ, ಬೆನ್ನಿಗೆ ಸಿಕ್ಕಿಕೊಂಡಿತ್ತು. ಹಾಗೆ ಬಾಯಿಗಲ್ಲದೆ ಹೊರಗಿನಿಂದ ಸಿಕ್ಕಿದ ಮೀನನ್ನು ಇಟ್ಟುಕೊಳ್ಳುವಂತಿಲ್ಲ, ಅದು ಕಾನೂನು. ಆ ಹೊತ್ತು ಮಳೆ ಬರುತ್ತಿತ್ತು, ದಂಡೆಯಲ್ಲಿ ಎಸ್ಟೆಲ್ ಬಿಟ್ಟರೆ ನರಪಿಳ್ಳೆಯಿರಲಿಲ್ಲ.

"ಬಾಯಿ ಮುಚ್ಕೊಂಡಿದ್ರೆ ನಿನ್ ಮುಸುಡಿ ಇವತ್ತು ಗೋಡೆ ಮೇಲಿರ್ತಿತ್ತು ಕಣೋ. ನಾನೇನು ಪೊಲೀಸ್‌ನೋರ ಅಳಿಯಾನಾ?" ಎಂದು ಎಸ್ಟೆಲ್ ಕಥೆ ಮುಗಿಸಿದ. ಅಪ್ಪ ಕೊನೆಗೂ ಪೋಣಿಸಿದ ದಾರವನ್ನು ಹಲ್ಲಿನಿಂದ ಬಿಗಿದು, "ಮೀನಿಗೆ ಗೊತ್ತಿತ್ತಲ್ಲ" ಎಂದ. ಅವನು ಪ್ರತಿ ವರ್ಷ ಕೊಡುವ ಉತ್ತರವೂ ಅದೇ.

ಟ್ವೈಲಾಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೇಳಿಬಿಡೋಣವೆಂದರೆ ಎಸ್ಟೆಲ್ ಇದ್ದ. ಎಸ್ಟೆಲ್ ಇಲ್ಲದಿದ್ದರೂ ಆ ಉತ್ತರ ಕೇಳಿದ ಮೇಲೆ ಬಾಯಿ ಬರುತ್ತಿರಲಿಲ್ಲ. ಅವಳು ದಂಡೆ ಹತ್ತುವಷ್ಟರಲ್ಲಿ ಸೈರನ್ ಕೂಗಿತು. ಒಮ್ಮೆಗೇ ನೂರಾರು ದಾರಗಳು ಗಾಳಿಯಲ್ಲಿ ಹಿಸ್ಸೆಂದವು. ಕೆಳಗಿನ ನೀರಿನ ಕಡೆಯಿಂದ ಆಗಲೇ ಮಕ್ಕಳ ಕೇಕೆ ಕೇಳಿಸಿತು.

ಮುಂದಿನ ಎರಡೂವರೆ ಗಂಟೆ ಅವಳು ಶೆಡ್ಡಿಗೂ ಹೊಳೆಗೂ ನಡುವೆ ಓಡಾಡಿದಳು. ಶೆಡ್ಡಿನಲ್ಲಿದ್ದರೆ ಕಲ್ಲಿನ ಹತ್ತಿರ ಏನಾಯಿತೋ ಎಂದು, ಕಲ್ಲಿನ ಹತ್ತಿರವಿದ್ದರೆ ಶೆಡ್ಡಿನಲ್ಲಿ ಕೆಕ್ ತನ್ನನ್ನು ಕೇಳುತ್ತಿರುತ್ತಾನೋ ಎಂದು. ಬಕೆಟ್ಟು ತರುವ ನೆಪ, ಚೀಟಿ ನೋಡುವ ನೆಪ, ಯಾರದೋ ಬಿದ್ದುಹೋದ ಕೈಗವಸು ಕೊಡುವ ನೆಪ. ಏಳೂವರೆಗೆ ಮೊದಲ ದೊಡ್ಡ ಮೀನು ಬಂತು. ಒಬ್ಬ ಹೆಂಗಸು ಕೆಳಗಿನ ನೀರಿನಲ್ಲಿ ಹಿಡಿದದ್ದು. ಕೆಕ್ ಅದನ್ನು ಮಗುಚಿ ಹೊಟ್ಟೆಯ ಮೇಲೆ ಹೆಬ್ಬೆರಳಾಡಿಸಿ, ಕತ್ತರಿಸಿದೆ ಎಂದು ಖುಷಿಯಿಂದ ಹೇಳಿದ. ಟ್ವೈಲಾ ಹಲಗೆಯ ಮೇಲೆ ಬರೆದಳು. ಎಂಟು ಗಂಟೆಗೆ ಮೇಲಿನ ನೀರಿನದೊಂದು, ರೆಕ್ಕೆ ಪೂರ್ತಿ ಇದ್ದದ್ದು. ಅದನ್ನೂ ಬರೆದಳು. ಸೀಮೆಸುಣ್ಣ ಎರಡು ಸಲ ಮುರಿಯಿತು. ಕೆಕ್ ಕೆಟ್ಟವನಲ್ಲ. ಅವಳನ್ನು ಕಾಯಂ ಮಾಡಿಸಲು ಮೂರು ವರ್ಷ ಕಾಗದ ಬರೆದವನು ಅವನೇ.

ನಿನ್ನೆ ಸಂಜೆಯಿಂದ ಬೆಳಗಿನ ತನಕ ಅಪ್ಪನಿಗೆ ಆ ಮೀನು ಸಿಗಲಿ ಎಂದು ಬೇಡಿಕೊಂಡವಳು ಈಗ ಸಿಗದಿರಲಿ ಎಂದು ಬೇಡಿಕೊಳ್ಳುತ್ತಿದ್ದಳು. ಅಷ್ಟು ಮುದಿ ಮೀನು, ರಾತ್ರಿಯೆಲ್ಲ ಹೊಸ ನೀರಿನಲ್ಲಿ ಕಳೆದದ್ದು, ಏನನ್ನೂ ತಿನ್ನದೆ ತಳದಲ್ಲಿ ಬಿದ್ದಿರಬಹುದು. ಒಡ್ಡು ಇಳಿದು ಹೋಗಿರಲೂಬಹುದು. ಒಂಬತ್ತು ಗಂಟೆಗೆ ಅವಳು ಮತ್ತೆ ಕಲ್ಲಿನ ಹತ್ತಿರ ಬಂದಾಗ ಅಪ್ಪನ ಮೀನು ಪೋಣಿಸುವ ಸರಪಳಿಯಲ್ಲಿ ಎರಡು ಸಾಧಾರಣ ಮೀನುಗಳಿದ್ದವು, ಎಸ್ಟೆಲ್‌ನದರಲ್ಲಿ ಮೂರು. ಒಬ್ಬರಿಗೆ ದಿನಕ್ಕೆ ನಾಲ್ಕೇ ಮೀನು, ಅಷ್ಟಾದರೆ ದಿನ ಮುಗಿಯಿತು. ಇನ್ನೆರಡು ಚಿಕ್ಕವು ಸಿಕ್ಕಿಬಿಟ್ಟರೆ ಸಾಕು, ಮನೆಗೆ ಹೋಗಿ ಮೊಟ್ಟೆ ಕರಿದುಕೊಡುತ್ತೇನೆ ಎಂದು ಅವಳು ಲೆಕ್ಕ ಹಾಕುತ್ತಿರುವಾಗಲೇ ಅಪ್ಪನ ಗಾಳದ ಕೋಲು ಬಾಗಿತು.

ಅಪ್ಪ ಎಳೆಯಲಿಲ್ಲ. ಕೋಲನ್ನು ಎತ್ತಿ ಸುಮ್ಮನೆ ಹಿಡಿದುಕೊಂಡ. ದಾರ ಮಡುವಿನ ನಡುವಿಗೆ ಹೋಗಿ, ಅಲ್ಲಿ ಒಂದು ಗಳಿಗೆ ಯೋಚಿಸಿದ ಹಾಗೆ ನಿಂತು, ಆಮೇಲೆ ನಿಧಾನವಾಗಿ ಹರಿವಿಗೆ ಎದುರಾಗಿ ಹೊರಟಿತು. ಚಿಕ್ಕ ಮೀನು ಹಾಗೆ ನಿಧಾನವಾಗಿ ಹೋಗುವುದಿಲ್ಲ. ದಂಡೆಯವರಿಗೆಲ್ಲ ಅದು ಅರ್ಥವಾಯಿತು. ಯಾರೂ ಹೇಳದೆಯೇ ಅಕ್ಕಪಕ್ಕದವರು ತಮ್ಮ ತಮ್ಮ ದಾರ ಸುತ್ತಿಕೊಂಡರು. ಒಬ್ಬನಿಗೆ ದೊಡ್ಡದು ಬಿದ್ದಾಗ ಉಳಿದವರು ನೀರು ಬಿಟ್ಟುಕೊಡುವುದು ಅಲ್ಲಿಯ ರೀತಿ. ನೂರು ಗಜದಷ್ಟು ಹೊಳೆ ಖಾಲಿಯಾಯಿತು, ಅದರಲ್ಲಿ ಒಂದೇ ದಾರ ಉಳಿಯಿತು.

ಇಪ್ಪತ್ತು ನಿಮಿಷ ಅದು ನಡೆಯಿತು. ಅಪ್ಪ ದಾರವನ್ನು ನೋಡುತ್ತಿರಲಿಲ್ಲ, ಎದುರು ದಂಡೆಯ ಸಿಕಮೋರ್ ಮರದ ಕಡೆಗೆ ಮುಖ ಮಾಡಿ ಎಲ್ಲವನ್ನೂ ಕೈಯಲ್ಲೇ ಕೇಳುತ್ತಿದ್ದ. ಎಪ್ಪತ್ತಾರು ವರ್ಷದ ಆ ಮುಖ ಅಷ್ಟು ಸಡಿಲವಾಗಿದ್ದುದನ್ನು ಟ್ವೈಲಾ ಅಮ್ಮ ಹೋದ ಮೇಲೆ ನೋಡಿರಲಿಲ್ಲ. ಮೀನು ಒಂದು ಸಲ ಮೇಲೆದ್ದು ಹೊರಳಿತು. ಕೊಕ್ಕೆ ದವಡೆ, ಕೆಂಪು ಪಕ್ಕೆ. ದಂಡೆಯಲ್ಲಿ ಉಸಿರೆಳೆದುಕೊಂಡ ಸದ್ದಾಯಿತು. ಯಾರೋ ಕೆಕ್‌ನನ್ನು ಕರೆಯಿರಿ, ಕ್ಯಾಮೆರಾ ತರಲಿ ಎಂದರು. ಇನ್ನಾರೋ ಶೆಡ್ಡಿನ ಕಡೆ ಓಡಿದ ಹೆಜ್ಜೆ ಸದ್ದು ಟ್ವೈಲಾಳ ಬೆನ್ನ ಹಿಂದೆ ಕೇಳಿಸಿತು. ದಾರ ಕಡಿದುಹೋಗಲಿ ಎಂದುಕೊಂಡಳು. ಅಂದುಕೊಂಡ ಮರುಗಳಿಗೆಯೇ ಅಪ್ಪನ ಮುಖ ನೋಡಿ, ಬೇಡ, ಕಡಿಯದಿರಲಿ ಎಂದುಕೊಂಡಳು.

ಅಪ್ಪ ಕಲ್ಲಿಳಿದು ಮೊಳಕಾಲುದ್ದದ ನೀರಿನಲ್ಲಿ ನಿಂತು ಕೈಬಲೆಯನ್ನು ಮೀನಿನ ಅಡಿಗೆ ಜಾರಿಸಿದ. ಅರ್ಧ ಮೀನು ಬಲೆಯೊಳಗೆ, ಅರ್ಧ ಹೊರಗೆ. ದಂಡೆಯವರಿಗೆ ಅವನ ಬೆನ್ನಷ್ಟೇ ಕಾಣುತ್ತಿತ್ತು. ಪಕ್ಕದಲ್ಲಿ ಎಸ್ಟೆಲ್, ಇನ್ನೊಂದು ಪಕ್ಕದಲ್ಲಿ ಟ್ವೈಲಾ, ಇಬ್ಬರೇ ಹತ್ತಿರವಿದ್ದವರು. ಗಾಳ ಎಲ್ಲಿರಬೇಕೋ ಅಲ್ಲೇ ಇತ್ತು, ದವಡೆಯ ಮೂಲೆಯಲ್ಲಿ, ಅಳೆದು ಚುಚ್ಚಿದ ಹಾಗೆ. ಅಪ್ಪ ಒಂದು ಕೈಯಿಂದ ಬಾಲದ ಬುಡ ಹಿಡಿದು ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಒಯ್ದ, ಎತ್ತುವುದಕ್ಕೆ. ಕಣ್ಣು ಕೈಕೊಟ್ಟಂದಿನಿಂದ ಅವನು ಯಾವುದನ್ನೇ ಆಗಲಿ ಮೊದಲು ಹೆಬ್ಬೆರಳಿನಿಂದ ನೋಡುತ್ತಿದ್ದ. ಬಟ್ಟಲಿನ ಅಂಚು, ಅಂಗಿಯ ಗುಂಡಿ, ಬಾಗಿಲ ಚಿಲಕ. ಈಗ ಆ ಹೆಬ್ಬೆರಳು ಮೀನಿನ ಬಲಗಡೆಯ ಹೊಟ್ಟೆರೆಕ್ಕೆಯನ್ನು ಸವರಿ ಎಡಕ್ಕೆ ಬಂತು. ಅಲ್ಲಿ ನಿಂತಿತು. ಮೋಟಾಗಿದ್ದ ಅಂಚಿನ ಮೇಲೆ ಒಮ್ಮೆ ಹೋಗಿ, ಒಮ್ಮೆ ಬಂತು.

ಅವನು ತಲೆ ತಿರುಗಿಸಿದ. ಮಗಳ ಮುಖ ಅವನಿಗೆ ಎಷ್ಟು ಕಾಣಿಸಿತೋ. ಅವಳು ನೋಟ ತಪ್ಪಿಸಲಿಲ್ಲ. ತಪ್ಪಿಸಬೇಕೆಂದರೂ ಆಗುತ್ತಿರಲಿಲ್ಲ. ದಂಡೆಯ ಮೇಲೆ ಕೆಕ್ ಕ್ಯಾಮೆರಾ ಹಿಡಿದು ಜನರನ್ನು ಸರಿಸಿಕೊಂಡು ಬರುತ್ತಿರುವುದು ಕೇಳಿಸುತ್ತಿತ್ತು.

ಅಪ್ಪ ಬಗ್ಗಿ, ಬೆನ್ನನ್ನು ದಂಡೆಗೆ ಇನ್ನಷ್ಟು ತಿರುಗಿಸಿ, ದವಡೆಯಿಂದ ಗಾಳ ಬಿಡಿಸಿದ. ಬಲೆಯನ್ನು ನೀರಿಗಿಳಿಸಿದ. ಮೀನನ್ನು ಎರಡೂ ಕೈಯಲ್ಲಿ ಹರಿವಿಗೆ ಎದುರಾಗಿ ಹಿಡಿದು, ಅದು ಉಸಿರು ಹಿಡಿಯುವ ತನಕ ತಡೆದು, ಬಿಟ್ಟ. ಮೀನು ತಕ್ಷಣ ಹೋಗಲಿಲ್ಲ. ಅವನ ಬೂಟಿನ ಪಕ್ಕದಲ್ಲಿ ಒಂದು ಗಳಿಗೆ ತೂಗಿಕೊಂಡಿದ್ದು ಮಡುವಿನ ಕಪ್ಪಿಗೆ ಜಾರಿತು.

"ಹೊರಗಿಂದ ಸಿಕ್ಕಿತ್ತು. ಬೆನ್ನಿಗೆ" ಎಂದ ಅಪ್ಪ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

ದಂಡೆಯುದ್ದಕ್ಕೂ ಅಯ್ಯೋ ಎನ್ನುವ ಸದ್ದು ಹರಿದುಹೋಯಿತು. ಬೇರೆ ಯಾರಾದರೂ ಹೇಳಿದ್ದರೆ ಒಬ್ಬರಾದರೂ ತೋರಿಸು ಎನ್ನುತ್ತಿದ್ದರು. ಹೋಬಾರ್ಟ್ ಸ್ಟ್ರೌಡ್ ಹೇಳಿದ್ದನ್ನು ಯಾರೂ ಹಾಗೆ ಕೇಳಲಿಲ್ಲ. ಒಬ್ಬ ಮುದುಕ ಟೋಪಿ ತೆಗೆದ. ಎಸ್ಟೆಲ್ ಬಾಯಿ ತೆರೆದವನು ತೆರೆದೇ ನಿಂತಿದ್ದ. ಅವನ ಕಣ್ಣು ಹೋಬಾರ್ಟ್‌ನ ಕೈಯಲ್ಲಿದ್ದ ಗಾಳದ ಮೇಲಿತ್ತು, ಅಲ್ಲಿಂದ ಟ್ವೈಲಾಳ ಮೇಲೆ ಬಂತು, ಮತ್ತೆ ಗಾಳಕ್ಕೆ ಹೋಯಿತು.

ಅಷ್ಟರಲ್ಲಿ ಕೆಕ್ ಏದುಸಿರು ಬಿಡುತ್ತ ನೀರಿನಂಚಿಗೆ ಬಂದ. "ಬಿಟ್ಟುಬಿಟ್ರಾ ಯಜಮಾನ್ರೇ? ಕೊಕ್ಕೆ ದವಡೆದು ಅಂತ ಹೇಳಿದ್ರಲ್ಲ ಅವ್ರು? ಅದು ಇಲ್ಲಿ ಹೇಗೆ..." ಎಂದು ಒಂದು ಕ್ಷಣ ತಡೆದು, "ರೆಕ್ಕೆ ನೋಡಿದ್ರಾ? ಎಡಗಡೆ ಹೊಟ್ಟೆ ರೆಕ್ಕೆ ಇತ್ತಾ?" ಎಂದ.

ಅಪ್ಪ ನೀರಿನಲ್ಲಿ ಕೈ ತೊಳೆದುಕೊಂಡ. ತೊಳೆದು ಪ್ಯಾಂಟಿಗೆ ಒರೆಸಿಕೊಂಡ. ಟ್ವೈಲಾ ಬಾಯಿ ತೆರೆದಳು; ಏನು ಹೇಳಬೇಕೆಂದಿದ್ದಳೋ, ಅಪ್ಪ ಅದಕ್ಕೆ ಎಡೆ ಕೊಡಲಿಲ್ಲ.

"ನನಗೆ ಕಣ್ಣು ಕಾಣಲ್ಲ ಕೆಕ್ ಅವ್ರೇ. ಮುಖ ನೋಡಿದ್ರೆ ಮುಖದ ಜಾಗದಲ್ಲಿ ಹೊಗೆ ಕಾಣುತ್ತೆ. ದಾರಾನೇ ಕಾಣದೋನಿಗೆ ರೆಕ್ಕೆ ಎಲ್ಲಿ ಕಾಣ್ಬೇಕು."

ಅವನು ಅದನ್ನು ಹವಾಮಾನದ ಮಾತು ಹೇಳುವ ಹಾಗೆ ಹೇಳಿದ. ಈ ಮಾತು ಮಧ್ಯಾಹ್ನದೊಳಗೆ ಒಡ್ಡು ದಾಟಿ, ಅಂಗಡಿ ದಾಟಿ, ಊರಿನ ಚರ್ಚಿನವರೆಗೆ ಹೋಗುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೇಳಿದವನಿಗೂ ಗೊತ್ತಿತ್ತು. ಕೆಕ್ ಕ್ಯಾಮೆರಾ ಕೆಳಗಿಳಿಸಿದ. ಎಸ್ಟೆಲ್ ಕಡೆ ತಿರುಗಿ, ನೀವು ಪಕ್ಕದಲ್ಲೇ ಇದ್ದಿರಲ್ಲ ಎಂದ.

ಎಸ್ಟೆಲ್ ರೀಲನ್ನು ಒಂದು ಸುತ್ತು ತಿರುಗಿಸಿದ. ಹನ್ನೆರಡು ವರ್ಷ ಒಂದೇ ಕಥೆ ಹೇಳಿದ ಬಾಯಿ ಅದು. "ಬೆನ್ನಿಗೇ ಸಿಕ್ಕಿತ್ತು" ಎಂದ ಕೊನೆಗೆ. "ಹೋದ ಸಲದ ಹಾಗೇನೇ. ರೆಕ್ಕೆಗಿಕ್ಕೆ ನಾನು ನೋಡ್ಲಿಲ್ಲ."

ಕೆಕ್ ಮಡುವನ್ನೊಮ್ಮೆ ನೋಡಿದ. ಟ್ವೈಲಾಳನ್ನೊಮ್ಮೆ ನೋಡಿದ, ಸ್ವಲ್ಪ ಹೆಚ್ಚು ಹೊತ್ತೇ. ಆಮೇಲೆ, ಹಾಗಾದರೆ ಹಲಗೆಯಲ್ಲಿ ಬರೆಯುವುದಕ್ಕೇನಿಲ್ಲ ಎಂದು, ಅಪ್ಪನ ಭುಜ ಮುಟ್ಟಿ ಹೊರಟುಹೋದ. ಜನ ಒಬ್ಬೊಬ್ಬರಾಗಿ ಮತ್ತೆ ದಾರ ಬಿಟ್ಟರು. ಹೊಳೆಯ ಆ ತುಂಡು ಮೊದಲಿನ ಹಾಗಾಯಿತು. ಎಸ್ಟೆಲ್ ಮಾತ್ರ ತನ್ನ ಸರಪಳಿಯಲ್ಲಿ ಮೂರೇ ಇದ್ದರೂ, ಬೆರಳು ಮರಗಟ್ಟಿದೆ, ಶಾಖ ಮಾಡಿಕೊಂಡು ಬರುತ್ತೇನೆ ಎಂದು ದಂಡೆ ಹತ್ತಿದ. ಹತ್ತುವಾಗ ಟ್ವೈಲಾಳ ಹತ್ತಿರ ಅರೆಗಳಿಗೆ ನಿಂತ. ಏನೋ ಗೇಲಿ ಮಾಡುತ್ತಾನೆಂದು ಅವಳು ಕಾದಳು. ಅವನು ಮೂಗೊರೆಸಿಕೊಂಡು ಮುಂದೆ ಹೋದ.

ಅಪ್ಪ ಕಲ್ಲಿನ ಮೇಲೆ ಕೂತ. ಬೆಳಗಿನ ಕಾಫಿ ಅಲ್ಲೇ ಇತ್ತು, ತಣ್ಣಗಾಗಿ. ಅದನ್ನೇ ಒಂದು ಗುಟುಕು ಕುಡಿದ. ಟ್ವೈಲಾ ಪಕ್ಕದಲ್ಲಿ ಕೂತಳು. ಬಿಸಿಲು ಈಗ ಸಿಕಮೋರ್ ಮರದ ಬಿಳೀ ಕೊಂಬೆಗಳ ಮೇಲೆ ಬಿದ್ದಿತ್ತು, ನೀರಿಗಿನ್ನೂ ಇಳಿದಿರಲಿಲ್ಲ. ಅವಳಿಗೆ ಹೇಳಬೇಕಾದ್ದು ಬೇಕಾದಷ್ಟಿತ್ತು, ಯಾವ ತುದಿಯಿಂದ ಎಳೆದರೂ ಗಂಟಾಗುತ್ತಿತ್ತು.

"ನಾನು..." ಎಂದಳು.

"ನಂಗೊತ್ತು."

"ಈ ವರ್ಷ ಬಿಟ್ರೆ ಮತ್ತೆ..."

"ಅದೂ ಗೊತ್ತು." ಅವನು ಬಟ್ಟಲಿನ ತಳದ ಕಾಫಿಯನ್ನು ಕಲ್ಲಿನಾಚೆ ಚೆಲ್ಲಿದ. ಅವನ ಬೂಟು ಕಲ್ಲಿಗೆ ತಾಗಿ ತಾಗಿ ಸದ್ದಾಗುತ್ತಿತ್ತು. ಬೆಳಿಗ್ಗೆ ಅಷ್ಟು ಜನ ಚಡಪಡಿಸುತ್ತಿದ್ದಾಗ ಅವನೊಬ್ಬನ ಕಾಲು ಸುಮ್ಮನಿತ್ತು. "ಒಡ್ಡು ಇಳಿಯೋದು ಅದಕ್ಕೆ ಗೊತ್ತು. ಕತ್ತಲಾಗೋದ್ರೊಳಗೆ ಅದರ ನೀರಿಗೆ ಅದು ಹೋಗುತ್ತೆ" ಎಂದ. ಮತ್ತೆ ಸ್ವಲ್ಪ ತಡೆದು, "ನಾಳೆಯಿಂದ ಎಲ್ಲಾನೂ ಅದರದರ ನೀರಿಗೆ ಬಿಡು."

"ಹೂಂ ಅಪ್ಪ."

ಮಡುವಿನಲ್ಲಿ ಎಲ್ಲೋ ಮೀನೊಂದು ಹಾರಿ ಬಿದ್ದ ಸದ್ದಾಯಿತು. ಇಬ್ಬರೂ ಆ ಕಡೆ ತಿರುಗಿದರು. ಚಿಕ್ಕದೇ ಇರಬೇಕು, ಅಲೆಯುಂಗುರ ದಂಡೆ ಮುಟ್ಟುವ ಮುಂಚೆಯೇ ಹರಿವಿನಲ್ಲಿ ಕಳೆದುಹೋಯಿತು. ಅಪ್ಪ ಕೋಲನ್ನು ತೊಡೆಯ ಮೇಲೆ ಎಳೆದುಕೊಂಡು ದಾರದ ತುದಿ ಹುಡುಕಿದ. ಮೊದಲಿನ ನೊಣದ ಪುಕ್ಕವೆಲ್ಲ ಉದುರಿ, ಗಾಳ ನೆಟ್ಟಗಾಗಿಹೋಗಿತ್ತು. ಅದನ್ನು ಕಡಿದು ಜೇಬಿಗೆ ಹಾಕಿಕೊಂಡ. ಟೋಪಿಯ ಪಟ್ಟಿಯಿಂದ ಹೊಸದೊಂದನ್ನು ಬಿಡಿಸಿದ. ಅದನ್ನು ಮೂಗಿನ ಹತ್ತಿರ ತಂದ, ಮುಖ ಓರೆ ಮಾಡಿದ. ಟ್ವೈಲಾ ತನ್ನ ಕೈಗಳನ್ನು ಮೊಳಕಾಲುಗಳ ನಡುವೆ ಒತ್ತಿಕೊಂಡು ನೀರು ನೋಡುತ್ತ ಕೂತಳು.

ಸ್ವಲ್ಪ ಹೊತ್ತಿನ ಮೇಲೆ ಏನೋ ಅವಳ ತೋಳಿಗೆ ತಾಗಿತು. ಅಪ್ಪ ಕೈ ಚಾಚಿದ್ದ. ಒಂದು ಬೆರಳಿನ ತುದಿಯಲ್ಲಿ ನೊಣ, ಇನ್ನೆರಡರ ನಡುವೆ ದಾರ. ಮುಖ ಹೊಳೆಯ ಕಡೆಗಿತ್ತು.

ಅವಳು ಎರಡನ್ನೂ ತೆಗೆದುಕೊಂಡಳು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿದಳು. ಮೊದಲ ಸಲ ಅದು ಗಾಳದ ಕಣ್ಣಿನ ಪಕ್ಕಕ್ಕೆ ಹೋಯಿತು, ಎರಡನೆಯ ಸಲವೂ. ಅಪ್ಪ ಕೋಲನ್ನು ಅಲುಗಾಡದ ಹಾಗೆ ಹಿಡಿದುಕೊಂಡು ಕಾಯುತ್ತಿದ್ದ.